ಹತ್ತನೆಯವನು ಎಲ್ಲಿ ಹೋದ?



ಈ ಸಲದ ಅಂಕಣವನ್ನು ನನ್ನ ಪೆದ್ದುತನದ ಒಂದು ಪ್ರಸಂಗದಿಂದಲೇ ಆರಂಭಿಸುತ್ತೇನೆ. ಕೆಲವು ವರ್ಷಗಳ ಹಿಂದೆ ನಾವು ಕೆಲವು ಕುಟುಂಬದವರು ಸೇರಿ ಇಲ್ಲಿಂದ ಮಾಣಿಕನಗರಕ್ಕೆ ಒಂದು ದಿನದ ಪ್ರವಾಸ ಹೊರಟಿದ್ದೆವು. ಬಸ್ಸು ಗೊತ್ತುಮಾಡುವುದು, ಹಣ ಕೂಡಿಸುವುದು, ಬುತ್ತಿ ಹಂಚುವುದು ಎಲ್ಲವೂ ನನ್ನ ಕೊರಳಿಗೇ ಬಿದ್ದಿತ್ತು. ಒಟ್ಟು 42 ಜನ. ಸಂಗಾರೆಡ್ಡಿ ದಾಟಿ ಜಹೀರಾಬಾದಿನ ಹತ್ತಿರ ಚಹಾಕ್ಕೆಂದು ಬಸ್ಸು ನಿಲ್ಲಿಸಿದೆವು. ಮತ್ತೆ ಹೊರಡುವ ಮುಂಚೆ ಬಾಗಿಲ ಬಳಿ ನಿಂತು ಎಣಿಸಿದೆ, 41 ಆಯಿತು. ಇನ್ನೊಮ್ಮೆ ಎಣಿಸಿದೆ, ಮತ್ತೆ 41. ಎದೆ ಹೊಡೆದುಕೊಳ್ಳತೊಡಗಿತು. ಹೋಟೆಲಿನ ಹಿಂದೆ ಹೋಗಿ ಕೂಗಿದೆ. ರಸ್ತೆಯ ಆಚೆ ಇಬ್ಬರನ್ನು ಓಡಿಸಿದೆ. ಬಸ್ಸಿನೊಳಗೆ ಒಬ್ಬೊಬ್ಬರೂ ತಮ್ಮ ತಮ್ಮ ಮನೆಯವರನ್ನು ಲೆಕ್ಕ ಹಾಕಿಕೊಂಡರು. ಎಲ್ಲರೂ ಇದ್ದಾರೆ, ಆದರೂ ಒಬ್ಬರಿಲ್ಲ! ಇಪ್ಪತ್ತು ನಿಮಿಷ ಹೀಗೆ ಕಳೆದ ಮೇಲೆ, ಮುಂದಿನ ಸೀಟಿನಲ್ಲಿ ಕಡಲೆಕಾಯಿ ಸುಲಿಯುತ್ತಿದ್ದ ಎಂಟು ವರ್ಷದ ಹುಡುಗಿಯೊಬ್ಬಳು ತಲೆಯೆತ್ತಿ, "ಅಜ್ಜಾ, ನಿಮ್ಮನ್ನ ಎಣಿಸೀರೇನು?" ಎಂದಳು.

ಬಸ್ಸಿಗೆ ಬಸ್ಸೇ ನಕ್ಕಿತು. ನಾನೂ ನಕ್ಕೆ. ಆದರೆ ನಗುವುದಕ್ಕೆ ಮುಂಚಿನ ಒಂದು ಕ್ಷಣವನ್ನು ನಾನು ಇಂದಿಗೂ ಮರೆತಿಲ್ಲ. ಅಷ್ಟು ಹೊತ್ತು ನನ್ನನ್ನು ಹಿಂಡುತ್ತಿದ್ದ ಭಯ ಒಂದು ಪ್ರಶ್ನೆಯಿಂದ ಮಾಯವಾಗಿತ್ತು. ಕಳೆದುಹೋದವರು ಯಾರೂ ಮರಳಿ ಬಂದಿರಲಿಲ್ಲ, ಏಕೆಂದರೆ ಯಾರೂ ಕಳೆದುಹೋಗಿರಲೇ ಇಲ್ಲ.

ಈ ಕಥೆ ನಿಮಗೆ ಗೊತ್ತಿರುವಂಥದೇ. ಹತ್ತು ಜನ ಹೊಳೆ ದಾಟುತ್ತಾರೆ. ಆಚೆ ದಡದಲ್ಲಿ ಎಣಿಸಿದರೆ ಒಂಬತ್ತೇ. ಎಣಿಸಿದವನು ತನ್ನನ್ನು ಬಿಟ್ಟು ಎಣಿಸಿದ್ದಾನೆ. ಒಬ್ಬ ಮುಳುಗಿಹೋದನೆಂದು ಎಲ್ಲರೂ ಗೋಳಾಡುತ್ತಾರೆ. ನಾವು ಇದನ್ನು ಗಾಂಪರ ಕಥೆಯೆಂದು ಮಕ್ಕಳಿಗೆ ಹೇಳಿ ನಗಿಸುತ್ತೇವೆ. ಆದರೆ ಇದೇ ಕಥೆಯನ್ನು ನಮ್ಮ ವೇದಾಂತಿಗಳು ಕೈಗೆತ್ತಿಕೊಂಡು, ಮೋಕ್ಷವೆಂದರೇನು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ದೃಷ್ಟಾಂತವಿಲ್ಲವೆಂಬಂತೆ ಬಳಸಿದ್ದಾರೆ. ಶಂಕರರ ಭಾಷ್ಯದಲ್ಲೂ ಇದು ಬರುತ್ತದೆ. ಹದಿನಾಲ್ಕನೆಯ ಶತಮಾನದ ವಿದ್ಯಾರಣ್ಯರದೆಂದು ಪ್ರಸಿದ್ಧವಾದ 'ಪಂಚದಶೀ' ಗ್ರಂಥದ ಏಳನೆಯ ಪ್ರಕರಣವಾದ ತೃಪ್ತಿದೀಪದಲ್ಲಂತೂ ಇದನ್ನು ಎಳೆ ಎಳೆಯಾಗಿ ಬಿಡಿಸಲಾಗಿದೆ.

ಅಲ್ಲಿ ಹೇಳಿರುವುದು ಏಳು ಅವಸ್ಥೆಗಳು. ಹತ್ತನೆಯವನು ತಾನೇ ಎಂದು ತಿಳಿಯದಿರುವುದು ಅಜ್ಞಾನ. "ಹತ್ತನೆಯವನು ಇಲ್ಲ, ಕಾಣಿಸುತ್ತಿಲ್ಲ" ಎನ್ನುವುದು ಆವರಣ. "ಅಯ್ಯೋ ಹೊಳೆಪಾಲಾದನಲ್ಲಾ" ಎಂದು ಅಳುವುದು ವಿಕ್ಷೇಪ. ಆಗ ದಾರಿಹೋಕನೊಬ್ಬ ಬಂದು "ಹತ್ತನೆಯವನು ಇದ್ದಾನೆ, ಸತ್ತಿಲ್ಲ" ಎನ್ನುತ್ತಾನೆ. ನಂಬಿಕಸ್ಥನ ಮಾತಾದ್ದರಿಂದ ಸ್ವಲ್ಪ ಸಮಾಧಾನವಾಗುತ್ತದೆ. ಇದು ಪರೋಕ್ಷಜ್ಞಾನ. ಆಮೇಲೆ ಅವನು ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಎಣಿಸಿ, ಅಳುತ್ತಿದ್ದವನ ಎದೆಗೆ ಬೆರಳಿಟ್ಟು "ಹತ್ತನೆಯವನು ನೀನೇ" ಎನ್ನುತ್ತಾನೆ. ಇದು ಅಪರೋಕ್ಷಜ್ಞಾನ. ಅದರ ಬೆನ್ನಲ್ಲೇ ಶೋಕ ನಿಲ್ಲುತ್ತದೆ, ತೃಪ್ತಿ ಮೂಡುತ್ತದೆ. ಅಲ್ಲಿಗೆ ಏಳಾಯಿತು.

ನಾಲ್ಕಕ್ಕೂ ಐದಕ್ಕೂ ಇರುವ ಅಂತರವನ್ನು ಗಮನಿಸಿ. "ಆತ್ಮ ಇದೆ, ಅದಕ್ಕೆ ಹುಟ್ಟುಸಾವಿಲ್ಲ" ಎಂದು ನಾವೆಲ್ಲ ಹೇಳಬಲ್ಲೆವು. ಪ್ರವಚನಗಳಲ್ಲಿ ಕೇಳಿದ್ದೇವೆ, ಗೀತೆಯಲ್ಲಿ ಓದಿದ್ದೇವೆ. ಅದು ನಾಲ್ಕನೆಯ ಮೆಟ್ಟಿಲು. ಹತ್ತನೆಯವನು ಎಲ್ಲೋ ಇದ್ದಾನೆ ಎಂಬಷ್ಟರ ಸಮಾಧಾನ ಅದು. ಛಾಂದೋಗ್ಯದ ಶ್ವೇತಕೇತು ಹನ್ನೆರಡು ವರ್ಷ ಗುರುಕುಲದಲ್ಲಿ ಓದಿ, ಇಪ್ಪತ್ತನಾಲ್ಕರ ವಯಸ್ಸಿನಲ್ಲಿ ಬಲು ಹೆಮ್ಮೆಯಿಂದ ಮನೆಗೆ ಬಂದಿದ್ದ. ಅವನ ತಂದೆ ಉದ್ದಾಲಕ ಅವನನ್ನು ಕೂರಿಸಿಕೊಂಡು, ಉಪ್ಪು ಕರಗಿದ ನೀರನ್ನು ಕುಡಿಸಿ, ಆಲದ ಬೀಜವನ್ನು ಒಡೆಸಿ, ಆ ಪರಮಸತ್ಯ ನೀನೇ ಎಂಬುದನ್ನು ಒಂಬತ್ತು ಸಲ ಹೇಳಬೇಕಾಯಿತು. ಓದಿದವನಿಗೇ ಒಂಬತ್ತು ಸಲ! ನಮ್ಮಂಥವರ ಗತಿಯೇನು ಎಂದು ಎದೆಗುಂದಬೇಡಿ. ಒಮ್ಮೆ ಕೇಳಿ ಬಿಟ್ಟರೆ ಸಾಲದು ಎಂಬುದಷ್ಟೇ ಅದರ ತಾತ್ಪರ್ಯ. ಶ್ರವಣ, ಮನನ, ನಿದಿಧ್ಯಾಸನ ಎಂದು ಹಿರಿಯರು ಮೂರನ್ನು ಹೇಳಿದ್ದು ಇದಕ್ಕಾಗಿಯೇ. ಕೇಳಬೇಕು, ಕೇಳಿದ್ದನ್ನು ತರ್ಕಕ್ಕೆ ಒಡ್ಡಬೇಕು, ನಿಶ್ಚಯವಾದದ್ದರಲ್ಲಿ ಮನಸ್ಸನ್ನು ನಿಲ್ಲಿಸಬೇಕು.

ಮೋಕ್ಷವೆಂದರೆ ಸತ್ತ ಮೇಲೆ ಹೋಗಿ ಸೇರುವ ಒಂದು ಊರು ಎಂದು ನಮ್ಮಲ್ಲಿ ಬಹಳ ಜನ ಭಾವಿಸಿದ್ದಾರೆ. ಶಂಕರರು ಬ್ರಹ್ಮಸೂತ್ರ ಭಾಷ್ಯದಲ್ಲಿ ಇದನ್ನು ನೇರವಾಗಿಯೇ ಅಲ್ಲಗಳೆಯುತ್ತಾರೆ. ಮೋಕ್ಷ ಕುಂಬಾರ ಮಾಡಿದ ಮಡಕೆಯಂತೆ ಹೊಸದಾಗಿ ಹುಟ್ಟುವ ವಸ್ತುವಲ್ಲ. ನಡೆದು ತಲುಪುವ ಊರೂ ಅಲ್ಲ. ಹಾಲು ಮೊಸರಾಗುವಂತೆ ನಾವು ಬೇರೊಂದಾಗಿ ಮಾರ್ಪಡುವುದೂ ಅಲ್ಲ. ಒರೆಸಿ ಬೆಳಗಿಸಿದ ಕನ್ನಡಿಯಂತೆ ಸಂಸ್ಕಾರದಿಂದ ಬರುವುದೂ ಅಲ್ಲವೆಂದು ಅವರು ಹೇಳುತ್ತಾರೆ. ಕರ್ಮದಿಂದ ಆಗುವ ಫಲಗಳು ಈ ನಾಲ್ಕೇ ಬಗೆ. ಮೋಕ್ಷ ಇವುಗಳಲ್ಲಿ ಯಾವುದೂ ಅಲ್ಲವೆಂದ ಮೇಲೆ ಕೆಲಸದಿಂದ ಅದು ದೊರೆಯುವುದಿಲ್ಲ, ತಿಳಿವಿನಿಂದ ಮಾತ್ರ. ಹತ್ತನೆಯವನನ್ನು ಹುಡುಕಲು ಹೊಳೆಗೆ ಎಷ್ಟು ಸಲ ಧುಮುಕಿದರೂ ಅವನು ಸಿಗುವುದಿಲ್ಲ. ಧುಮುಕುತ್ತಿರುವವನೇ ಅವನು! ಹಾಗೆಂದು ಪೂಜೆ, ಜಪ, ಸತ್ಕರ್ಮಗಳು ವ್ಯರ್ಥವೆಂದು ಯಾರೂ ಹೇಳಿಲ್ಲ. ಅವು ಮನಸ್ಸನ್ನು ತಿಳಿಗೊಳಿಸಿ, ದಾರಿಹೋಕನ ಮಾತು ಕಿವಿಗೆ ಬೀಳುವಂತೆ ಮಾಡುತ್ತವೆ.

ನಮ್ಮ ಓದುಗರಲ್ಲಿ ಮಧ್ವಮತದವರಿದ್ದಾರೆ, ಶ್ರೀವೈಷ್ಣವರಿದ್ದಾರೆ, ಶರಣಧರ್ಮದ ಮನೆಯವರಿದ್ದಾರೆ. ಅವರೆಲ್ಲರೂ ಇದನ್ನು ಒಪ್ಪಬೇಕೆಂದು ನನ್ನ ಹಟವಿಲ್ಲ. ಅದ್ವೈತದ ಮನೆಯಲ್ಲಿ ಈ ಮಾತನ್ನು ಹೇಗೆ ಹೇಳಿಕೊಂಡಿದ್ದಾರೆ ಎಂಬುದನ್ನಷ್ಟೇ ತಿಳಿಸುತ್ತಿದ್ದೇನೆ.

ಇದು ಸಂಸ್ಕೃತ ಬಲ್ಲ ಪಂಡಿತರ ಸೊತ್ತು ಎಂದು ಹಿಂಜರಿಯುವವರಿಗೆ ಒಂದು ಮಾತು. ಕನ್ನಡದಷ್ಟು ಸಲೀಸಾಗಿ ವೇದಾಂತ ಹೇಳಿದ ನುಡಿಗಳು ಕಡಿಮೆ. ನಿಜಗುಣ ಶಿವಯೋಗಿಗಳು 'ಪರಮಾನುಭವಬೋಧೆ', 'ಪರಮಾರ್ಥಗೀತೆ', 'ವಿವೇಕಚಿಂತಾಮಣಿ' ಮುಂತಾದವನ್ನು ಕನ್ನಡದಲ್ಲೇ ಬರೆದರು. ಮಹಲಿಂಗರಂಗ ಕವಿ 'ಅನುಭವಾಮೃತ'ವನ್ನು ಷಟ್ಪದಿಯಲ್ಲಿ ಹಾಡಿದ. ಈ ಶಾಸ್ತ್ರವನ್ನು ಹಳ್ಳಿಯ ಒಕ್ಕಲಿಗರಿಗೂ ಕೂಲಿಯವರಿಗೂ ಮುಟ್ಟಿಸಿದವರಲ್ಲಿ ಹುಬ್ಬಳ್ಳಿಯ ಸಿದ್ಧಾರೂಢರು ಮುಖ್ಯರು. ಅವರು ಹುಟ್ಟಿದ್ದು ನಮ್ಮ ಪಕ್ಕದಲ್ಲೇ, ಆಗ ನಿಜಾಮರ ಸೀಮೆಗೆ ಸೇರಿದ್ದ ಬೀದರಿನ ಚಳಕಾಪುರದಲ್ಲಿ, 1836ರಲ್ಲಿ. ಹುಬ್ಬಳ್ಳಿಯಲ್ಲಿ ನೆಲೆನಿಂತು, ನಿಜಗುಣರ ಶಾಸ್ತ್ರವನ್ನು ಜಾತಿಮತ ನೋಡದೆ ಬಂದವರಿಗೆಲ್ಲ ಬಿಡಿಸಿ ಹೇಳಿ, 1929ರಲ್ಲಿ ದೇಹ ಬಿಟ್ಟರು. ಇಂದು ಹುಬ್ಬಳ್ಳಿಯ ರೈಲು ನಿಲ್ದಾಣಕ್ಕೆ ಅವರದೇ ಹೆಸರು. ನಾವು ಹೊರಟಿದ್ದ ಮಾಣಿಕನಗರವೂ ಇದೇ ಬೀದರ ಸೀಮೆಯದು. ಅಲ್ಲಿಯ ಮಾಣಿಕಪ್ರಭುಗಳು (1817–1865) ಎಲ್ಲ ಮತಗಳಲ್ಲೂ ಇರುವ ಸತ್ಯ ಒಂದೇ ಎಂಬ ಸಕಲಮತ ಸಂಪ್ರದಾಯವನ್ನು ಕಟ್ಟಿದರು. ಹಿಂದೂಗಳೂ ಮುಸಲ್ಮಾನರೂ ಅವರ ಬಳಿಗೆ ಹೋಗುತ್ತಿದ್ದರು. ಹೈದರಾಬಾದಿನಲ್ಲಿರುವ ನಮಗೆ ಅದ್ವೈತವನ್ನು ಹುಡುಕಿಕೊಂಡು ದೂರ ಹೋಗಬೇಕಾದ ಅಗತ್ಯವೇ ಇಲ್ಲ.

ಇನ್ನು ಹಳೆಯ ಮೈಸೂರಿನ ಕಡೆಗೆ ಬಂದರೆ, ವೈ. ಸುಬ್ಬರಾಯರೆಂಬ ಶಾಲಾ ಉಪಾಧ್ಯಾಯರೊಬ್ಬರು 1920ರಲ್ಲಿ ಬೆಂಗಳೂರಿನಲ್ಲಿ ಅಧ್ಯಾತ್ಮ ಪ್ರಕಾಶ ಕಾರ್ಯಾಲಯವನ್ನು ಸ್ಥಾಪಿಸಿದರು. ಅದು ಮುಂದೆ ಹೇಮಾವತಿ ತೀರದ ಹೊಳೆನರಸೀಪುರಕ್ಕೆ ಬಂತು. ಅವರು 1948ರಲ್ಲಿ ಸಂನ್ಯಾಸ ಸ್ವೀಕರಿಸಿ ಸಚ್ಚಿದಾನಂದೇಂದ್ರ ಸರಸ್ವತಿಗಳಾದರು. ತೊಂಬತ್ತೈದು ವರ್ಷ ಬಾಳಿ 1975ರಲ್ಲಿ ಬ್ರಹ್ಮೀಭೂತರಾಗುವವರೆಗೂ ಶಂಕರರ ಭಾಷ್ಯಗಳನ್ನು ಕನ್ನಡಕ್ಕೆ ತರುವುದೇ ಅವರ ತಪಸ್ಸು. ಅಜ್ಞಾನವೆಂಬುದು ಎಲ್ಲೋ ಅಡಗಿರುವ ಒಂದು ದ್ರವ್ಯವೆಂಬ ನಂತರದ ವ್ಯಾಖ್ಯಾನಕಾರರ ಮಾತನ್ನು ಅವರು ಒಪ್ಪಲಿಲ್ಲ. ಒಂದನ್ನು ಇನ್ನೊಂದೆಂದು ತಪ್ಪಾಗಿ ತಿಳಿಯುವ ಅಧ್ಯಾಸವೇ ಅವಿದ್ಯೆ, ಶಂಕರರ ಅಭಿಪ್ರಾಯ ಅದೇ ಎಂದು ವಾದಿಸಿದರು. 1929ರಲ್ಲಿ ಬಂದ ಅವರ 'ಮೂಲಾವಿದ್ಯಾನಿರಾಸ' ಪಂಡಿತರಲ್ಲಿ ದೊಡ್ಡ ಚರ್ಚೆಯನ್ನೇ ಎಬ್ಬಿಸಿತು. ಆವರಣ ವಿಕ್ಷೇಪಗಳ ಪಂಚದಶಿಯ ದಾರಿಗೂ ಇವರ ದಾರಿಗೂ ಭೇದವಿದೆ. ಆದರೆ ನಮ್ಮಂಥ ಸಾಮಾನ್ಯರಿಗೆ ಬೇಕಾದ ಒಂದು ಅಂಶದಲ್ಲಿ ಭೇದವಿಲ್ಲ. ತಪ್ಪು ಲೆಕ್ಕ ಹೋಗುವುದು ಸರಿಯಾದ ಲೆಕ್ಕದಿಂದ ಮಾತ್ರ.

ಸರಿಯಾದ ಲೆಕ್ಕ ಹೇಗೆ? ಈ ಪುಟವನ್ನು ಕಣ್ಣು ನೋಡುತ್ತಿದೆ. ಕಣ್ಣು ಮಂಜಾದರೆ "ಮಂಜಾಗಿದೆ" ಎಂದು ಮನಸ್ಸಿಗೆ ತಿಳಿಯುತ್ತದೆ. ಮನಸ್ಸು ಬೇಸರಗೊಂಡರೆ "ಬೇಸರವಾಗಿದೆ" ಎಂದು ಯಾರಿಗೋ ತಿಳಿಯುತ್ತದೆ. ಕನಸು ಬಿದ್ದದ್ದೂ ತಿಳಿಯುತ್ತದೆ. ಏನೂ ಇಲ್ಲದಂತೆ ನಿದ್ರಿಸಿದ್ದನ್ನೂ ಬೆಳಿಗ್ಗೆ ಎದ್ದು ಹೇಳುತ್ತೇವೆ. ದೇಹ, ವಯಸ್ಸು, ಹುದ್ದೆ, ಸಂಬಂಧ, ಸುಖ, ದುಃಖ ಎಲ್ಲವನ್ನೂ ನಾವು ಎಣಿಸುತ್ತೇವೆ. ಇವೆಲ್ಲವನ್ನೂ ಬೆಳಗುತ್ತಿರುವ ಆ ಅರಿವನ್ನು ಮಾತ್ರ ಲೆಕ್ಕಕ್ಕೆ ಹಿಡಿಯುವುದಿಲ್ಲ. ಒಂಬತ್ತನ್ನೇ ಎಣಿಸಿ, ಆ ಒಂಬತ್ತರಲ್ಲಿ ಯಾವುದೋ ಒಂದು ಕುಂದಿದಾಗ "ನಾನೇ ಹೋದೆ" ಎನ್ನುತ್ತೇವೆ.

ಇಷ್ಟನ್ನು ಪುಸ್ತಕದಿಂದ ಹೇಳುವುದು ಸುಲಭ. ಈಗ ಸ್ವಲ್ಪ ಕಷ್ಟದ ಮಾತಿಗೆ ಬರುತ್ತೇನೆ.

ನನ್ನ ಮನೆಯಾಕೆ ತೀರಿಕೊಂಡು ಆರು ವರ್ಷವಾಯಿತು. ಹದಿಮೂರನೆಯ ದಿನ ಊಟ ಮುಗಿದ ಮೇಲೆ ಬಂಧುವೊಬ್ಬರು ನನ್ನ ಪಕ್ಕ ಕುಳಿತು, "ಇಷ್ಟು ವೇದಾಂತ ಓದಿದವರು ನೀವು, ಹೀಗೆ ಅಳಬಹುದೇ ರಾಯರೇ? ಆತ್ಮಕ್ಕೆ ಸಾವುಂಟೇ?" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆದರೆ ನನಗೆ ಮೊದಲು ನಾಚಿಕೆಯಾಯಿತು, ಆಮೇಲೆ ಸಿಟ್ಟು ಬಂತು. ಓದಿದ್ದೆಲ್ಲ ಸುಳ್ಳೆನಿಸಿತು. ಭಾಷ್ಯದ ಪುಸ್ತಕಗಳನ್ನು ಕಪಾಟಿನ ಮೇಲಿನ ಗೂಡಿಗೆ ಎತ್ತಿಟ್ಟೆ. ವಾರಕ್ಕೊಮ್ಮೆ ಗೆಳೆಯರು ಕೂಡಿ ಓದುವ ಗೋಷ್ಠಿಗೂ ಹೋಗುವುದನ್ನು ಬಿಟ್ಟೆ. ಹತ್ತನೆಯವನು ಕಳೆದೇ ಇರಲಿಲ್ಲ, ಸರಿ. ಆದರೆ ಇವಳು ನಿಜವಾಗಿಯೂ ಹೋಗಿದ್ದಾಳಲ್ಲ! ಇದಕ್ಕೆ ನಿಮ್ಮ ಕಥೆಯಲ್ಲಿ ಉತ್ತರವೆಲ್ಲಿದೆ?

ನಾಲ್ಕೈದು ತಿಂಗಳ ನಂತರ ಒಂದು ಸಂಜೆ ಸಿಕಂದರಾಬಾದಿನ ಮೋಂಡಾ ಮಾರುಕಟ್ಟೆಯಿಂದ ತರಕಾರಿ ತಂದೆ. ಮನೆಯಲ್ಲಿ ಚೀಲ ಸುರಿದರೆ ಅರ್ಧ ಕಿಲೋ ಹಾಗಲಕಾಯಿ. ನನಗೆ ಹಾಗಲಕಾಯಿ ಸೇರದು. ಅದು ಅವಳಿಗೆ ಇಷ್ಟವಾದದ್ದು. ನಲವತ್ತು ವರ್ಷದ ಅಭ್ಯಾಸದಿಂದ ಕೈ ತಾನಾಗಿ ಆರಿಸಿತ್ತು. ಅಡಿಗೆಮನೆಯ ನೆಲದ ಮೇಲೆ ಕುಳಿತುಬಿಟ್ಟೆ. ಆಗ ನನಗೆ ನಾನೇ ಒಂದು ಪ್ರಶ್ನೆ ಹಾಕಿಕೊಂಡೆ. ನಾನು ಅಳುತ್ತಿರುವುದು ಯಾವುದಕ್ಕೆ? ಅವಳಿಲ್ಲ ಎಂಬುದಕ್ಕೆ ಅಳು ಬಂದರೆ ಅದು ಸಹಜ. ಆದರೆ ಅಷ್ಟೂ ತಿಂಗಳು ನನ್ನನ್ನು ಕೊರೆಯುತ್ತಿದ್ದುದು ಬೇರೆ ಮಾತು. "ಅವಳ ಜೊತೆ ನಾನೂ ಮುಗಿದೆ, ಇನ್ನು ಉಳಿದಿರುವುದು ಬರೀ ತೊಗಲು" ಎಂಬ ಮಾತು. ಅದು ತಪ್ಪು ಲೆಕ್ಕ. ಅವಳು ಹೋದದ್ದು ನಿಜ. ನಾನೂ ಹೋದೆನೆಂದು ಎಣಿಸಿದ್ದು ಸುಳ್ಳು.

ಅಂದು ರಾತ್ರಿ ಪುಸ್ತಕಗಳನ್ನು ಕೆಳಗಿಳಿಸಿದೆ. ಬೃಹದಾರಣ್ಯಕದಲ್ಲಿ ಯಾಜ್ಞವಲ್ಕ್ಯ ಮನೆ ಬಿಟ್ಟು ಹೊರಡುವಾಗ ಇಬ್ಬರು ಹೆಂಡಿರಿಗೆ ಆಸ್ತಿ ಹಂಚಲು ಮುಂದಾಗುತ್ತಾನೆ. ಆಸ್ತಿಯಿಂದ ಅಮೃತತ್ವ ಸಿಗುವುದೇ ಎಂದು ಮೈತ್ರೇಯಿ ಕೇಳುತ್ತಾಳೆ. ಗಂಡ, ಹೆಂಡತಿ, ಮಕ್ಕಳು ಪ್ರಿಯರಾಗುವುದು ಆತ್ಮದ ಸಲುವಾಗಿಯೇ, ಆದ್ದರಿಂದ ಆ ಆತ್ಮನನ್ನೇ ಅರಿಯಬೇಕು ಎಂಬರ್ಥದ ಉತ್ತರವನ್ನು ಅವನು ಕೊಡುತ್ತಾನೆ. ಮೊದಲೆಲ್ಲ ಇದು ಸ್ವಾರ್ಥದ ಮಾತಿನಂತೆ ಕಾಣುತ್ತಿತ್ತು. ಆ ರಾತ್ರಿ ಬೇರೆಯಾಗಿ ಕಂಡಿತು. ಅವಳಲ್ಲಿ ನಾನು ಕಂಡ ಪ್ರೀತಿಯ ಬುಗ್ಗೆ ಅವಳ ದೇಹಕ್ಕೆ ಮಾತ್ರ ಸೇರಿದ್ದಲ್ಲ, ನನ್ನದೂ ಮಾತ್ರ ಅಲ್ಲ. ನಮ್ಮಿಬ್ಬರಲ್ಲೂ ಒಂದೇ ಆಗಿದ್ದ ಅದನ್ನು ಯಾವ ಬೆಂಕಿಯೂ ಸುಟ್ಟಿಲ್ಲ. ನನಗೆ ಸಾಕ್ಷಾತ್ಕಾರವಾಯಿತೆಂದು ಹೇಳುತ್ತಿಲ್ಲ. ಖಂಡಿತ ಇಲ್ಲ. ದಾರಿಹೋಕನ ಮಾತು ಮೊದಲ ಸಲ ಸರಿಯಾಗಿ ಕಿವಿಗೆ ಬಿತ್ತು, ಅಷ್ಟೇ.

ಮತ್ತೆ ತೃಪ್ತಿದೀಪವನ್ನು ತೆರೆದಾಗ, ಹಿಂದೆ ಹತ್ತು ಸಲ ಓದಿಯೂ ಗಮನಿಸದೆ ಬಿಟ್ಟಿದ್ದ ಒಂದು ವಿಷಯ ಕಣ್ಣಿಗೆ ಬಿತ್ತು. ಅಳುವಾಗ ಹತ್ತನೆಯವನು ತಲೆ ತಲೆ ಚಚ್ಚಿಕೊಂಡಿದ್ದಾನೆ. ತಲೆಗೆ ಗಾಯವಾಗಿದೆ. "ನೀನೇ ಹತ್ತನೆಯವನು" ಎಂದು ತಿಳಿದ ಕ್ಷಣದಲ್ಲಿ ಅಳು ನಿಂತಿತು. ಆದರೆ ತಲೆಯ ಗಾಯ? ಅದು ಆ ಕ್ಷಣದಲ್ಲಿ ಮಾಯಲಿಲ್ಲ. ಮೆಲ್ಲಮೆಲ್ಲನೆ ಒಂದು ತಿಂಗಳಿಗೆ ಮಾಯಿತು ಎನ್ನುತ್ತದೆ ಗ್ರಂಥ! ಹತ್ತನೆಯವನು ಸತ್ತಿಲ್ಲವೆಂಬ ಸಂತೋಷ ಆ ನೋವನ್ನು ಮರೆಸುತ್ತದೆ, ನಿಜ. ಆದರೆ ಗಾಯ ಇದ್ದೇ ಇರುತ್ತದೆ. ಜ್ಞಾನಿಗೂ ಪ್ರಾರಬ್ಧ ಹೀಗೆಯೇ ಎಂಬುದು ಅಲ್ಲಿಯ ಸಿದ್ಧಾಂತ. ಬಿಟ್ಟ ಬಾಣ ನೆಲಕ್ಕೆ ಬೀಳುವವರೆಗೆ ಓಡುತ್ತದೆ.

ಎಂಥ ಕರುಣೆಯ ಮಾತು ನೋಡಿ! ಅರಿತವನಿಗೇ ಗಾಯ ಮಾಯಲು ತಿಂಗಳು ಬೇಕೆಂದ ಮೇಲೆ, ಹದಿಮೂರನೆಯ ದಿನ ಅಳುವವನನ್ನು "ನೀನು ಓದಿದ್ದೆಲ್ಲ ಎಲ್ಲಿ ಹೋಯಿತು?" ಎಂದು ಕೇಳುವ ಅಧಿಕಾರ ಯಾರಿಗಿದೆ? ಅದ್ವೈತವನ್ನು ಇನ್ನೊಬ್ಬರ ಬಾಯಿ ಮುಚ್ಚಿಸಲು ಬಳಸಬಾರದು. ಹಸಿದವನಿಗೆ, ನೊಂದವನಿಗೆ "ಎಲ್ಲವೂ ಮಿಥ್ಯೆ" ಎನ್ನುವುದು ವೇದಾಂತವಲ್ಲ, ಕೈ ತೊಳೆದುಕೊಳ್ಳುವ ಉಪಾಯ. ದಾರಿಹೋಕ ಹಾಗೆ ಮಾಡಲಿಲ್ಲ. ಅವನು ನಿಂತ, ಅಳುವವರ ಜೊತೆ ಕೂಡಿ ಎಣಿಸಿದ. ಹಾಗೆಯೇ ನಮ್ಮನ್ನು ನಾವೂ ಗಾಯದಿಂದ ಅಳೆದುಕೊಳ್ಳಬಾರದು. "ಇನ್ನೂ ನೋವಿದೆ, ಹಾಗಾದರೆ ನನಗೇನೂ ತಿಳಿದಿಲ್ಲ" ಎಂದು ಮನಸ್ಸು ಹೇಳುತ್ತದೆ. ನೋವಿದೆಯೇ ಎಂಬುದನ್ನು ಬಿಟ್ಟುಬಿಡಿ. ಇನ್ನೂ ತಲೆ ಚಚ್ಚಿಕೊಳ್ಳುತ್ತಿದ್ದೇನೆಯೇ ಎಂದು ಕೇಳಿಕೊಳ್ಳಿ. ಚಚ್ಚಿಕೊಳ್ಳುವುದು ನಿಂತಿದ್ದರೆ ಗಾಯ ತನ್ನ ಸಮಯಕ್ಕೆ ಮಾಯುತ್ತದೆ.

ಬದುಕಿರುವಾಗಲೇ ಬಿಡುಗಡೆ, ಜೀವನ್ಮುಕ್ತಿ, ಎಂದು ಹಿರಿಯರು ಹೇಳಿದ್ದರಲ್ಲಿ ಎಷ್ಟು ಭಾಗ ನನ್ನಂಥವನಿಗೆ ದಕ್ಕೀತೋ ತಿಳಿಯದು. ದಿನಕ್ಕೊಮ್ಮೆ, ಸಂಜೆಯ ದೀಪ ಹಚ್ಚಿದ ಮೇಲೆ ಐದು ನಿಮಿಷ ಕುಳಿತು ಆ ದಿನದ ಲೆಕ್ಕ ತೆಗೆಯುತ್ತೇನೆ. ಏನು ಬಂತು, ಏನು ಹೋಯಿತು, ಯಾವುದಕ್ಕೆ ಕುಗ್ಗಿದೆ, ಯಾವುದಕ್ಕೆ ಹಿಗ್ಗಿದೆ ಎಂದೆಲ್ಲ ಎಣಿಸಿ, ಕೊನೆಗೆ ಎಣಿಸಿದವನು ಯಾರು ಎಂದು ಕೇಳಿಕೊಳ್ಳುತ್ತೇನೆ. ಇದಕ್ಕೆ ಖರ್ಚಿಲ್ಲ, ದೀಕ್ಷೆ ಬೇಕಿಲ್ಲ. ನೀವೂ ಒಂದು ವಾರ ಮಾಡಿ ನೋಡಿ.

ಹಾಗಲಕಾಯಿಯನ್ನು ಈಗಲೂ ತರುತ್ತೇನೆ. ಈಗ ಗೊತ್ತಿದ್ದೇ ತರುತ್ತೇನೆ. ಬೆಲ್ಲ, ಹುಣಿಸೆಹುಳಿ ಹಾಕಿ ಗೊಜ್ಜು ಮಾಡುವುದನ್ನು ಮಗಳಿಂದ ಕೇಳಿ ಕಲಿತೆ. ಕಹಿ ಇನ್ನೂ ಇದೆ, ಆದರೆ ತಿನ್ನಬಲ್ಲೆ.

ಅಂದು ಬಸ್ಸಿನಲ್ಲಿ ನನ್ನನ್ನು ಎಣಿಸಿದ ಹುಡುಗಿ ಈಗ ಕಾಲೇಜಿನಲ್ಲಿದ್ದಾಳೆ. ಎಲ್ಲಿ ಸಿಕ್ಕರೂ "ಅಜ್ಜಾ, ಲೆಕ್ಕ ಸರಿ ಅದ?" ಎಂದು ನಗುತ್ತಾಳೆ. "ಇನ್ನೂ ಎಣಿಸ್ತಾ ಇದ್ದೀನಮ್ಮ" ಎಂದು ಉತ್ತರಿಸುತ್ತೇನೆ.

ಮುಂದಿನ ಸಂಚಿಕೆಯಲ್ಲಿ ಮತ್ತೆ ಭೇಟಿಯಾಗೋಣ. ಅಲ್ಲಿಯವರೆಗೆ ನಿಮ್ಮ ಲೆಕ್ಕದಲ್ಲಿ ನಿಮ್ಮನ್ನು ಮರೆಯಬೇಡಿ.